ನಾವೇ ಕೇಳಿ ಪಡೆದ ಜಾಗ

ಸೂಳಗಿರಿಯಿಂದ ಉದ್ದನಪಲ್ಲಿಗೆ ಹೋಗುವ ದಾರಿಯಲ್ಲಿ, ನಮ್ಮೂರಿನ ಅಂಚಿಗೆ, ಬೋಲ್ಟುಗಳಿಗೆ ಹೊಳಪು ಲೇಪಿಸುವ ಸಣ್ಣ ಕಾರ್ಖಾನೆಯೊಂದಿತ್ತು. ಬೀಗ ಹಾಕಿಕೊಂಡು ಹೋದ ಯಜಮಾನ ತಿರುಗಿ ಬರಲಿಲ್ಲ. ತಗಡುಗಳನ್ನು ಯಾರೋ ಬಿಚ್ಚಿಕೊಂಡು ಹೋದರು. ಗೋಡೆಗಳು, ಲೇಪನದ ರಾಸಾಯನಿಕ ತುಂಬಿಡುತ್ತಿದ್ದ ಸಿಮೆಂಟಿನ ತೊಟ್ಟಿಗಳು ಉಳಿದವು. ಜಾಲಿಗಿಡ ಕೂಡ ಅಲ್ಲಿ ಮೊಳೆಯಲಿಲ್ಲ.

ನನ್ನ ಅಕ್ಕ ಅಲ್ಲಿ ಆರೇಳು ವರ್ಷ ಬೋಲ್ಟು ತೊಳೆದವಳು. ಕಾರ್ಖಾನೆ ಮುಚ್ಚಿದ ಮೇಲೆ ಊರ ಹೆಂಗಸರ ಸಂಘ ಕಟ್ಟಿದಳು. ಅವರೆಲ್ಲ ಕೊತ್ತಂಬರಿ, ಪುದೀನ ಬೆಳೆದು, ರಸ್ತೆ ಬದಿಯ ಬಿಸಿಲಲ್ಲೇ ಕೂತು ಕಟ್ಟು ಕಟ್ಟುತ್ತಿದ್ದರು. ನೆರಳಿಗೊಂದು ಶೆಡ್ಡು ಆಗಲೇಬೇಕೆಂದು ಅಕ್ಕನಿಗೆ ಹಠ. ಒಂದು ಭಾನುವಾರ ನನ್ನ ಮುಂದೆ ಬಿಳಿ ಹಾಳೆ ಇಟ್ಟಳು.

"ನೀನು ತಮಿಳ್ನಾಗೆ ಓದಿದೋನು ಕಣ್ಲಾ. ಆ ಜಾಗ ನಮ್ಗೆ ಕೊಡ್ಸಿ ಅಂತ ಕಲೆಕ್ಟರ್‌ಗೆ ಒಂದು ಮನು ಬರ್ಕೊಡು."

"ಆ ಮಣ್ಣು ಸರಿಯಿಲ್ಲ ಅಂತಾರಲ್ಲಕ್ಕಾ?"

"ನಾವೇನು ಅಲ್ಲಿ ಪೈರಿಕ್ತೀವಾ? ಮೇಲೊಂದು ತಗಡು, ಕೆಳಗೊಂದೀಟು ಸಿಮೆಂಟು. ಬರೀಲಾ."

ಅರ್ಜಿ ಬರೆದೆ. ಹೊಸೂರಿನಲ್ಲಿ ನನಗೆ ಶಿಫ್ಟಿನ ಕೆಲಸ. ರಜೆ ಸಿಕ್ಕಾಗಲೆಲ್ಲ ಇಬ್ಬರೂ ಕೃಷ್ಣಗಿರಿಯ ಕಲೆಕ್ಟರ್ ಕಚೇರಿಗೆ ಅಲೆದೆವು. ಎರಡು ವರ್ಷದ ಮೇಲೆ ಮಂಜೂರಾಯಿತು. ಅಂದು ಬಸ್ಸಿನಲ್ಲಿ ಗುರುತು ಪರಿಚಯವಿಲ್ಲದವರಿಗೂ ಅಕ್ಕ ಬಾಳೆಹಣ್ಣು ಹಂಚಿದಳು.

ಜೆಸಿಬಿ ಬಂದು ತೊಟ್ಟಿಗಳನ್ನು ಒಡೆದು ಪಾಯ ತೋಡಿತು. ಎದೆಮಟ್ಟ ಇಳಿಯುವಷ್ಟರಲ್ಲಿ ಗುಂಡಿಯೊಳಗೆ ನೀರು ಒಸರಿತು, ಅರಿಶಿನ ಕದಡಿದಂಥ ನೀರು. ಅದರಲ್ಲಿ ಬರಿಗಾಲಲ್ಲಿ ನಿಂತಿದ್ದ ಮೇಸ್ತ್ರಿಯ ಪಾದಗಳಲ್ಲಿ ಸಂಜೆಗೆ ಬೊಬ್ಬೆಗಳೆದ್ದವು. ಕೆಲಸ ನಿಂತಿತು. ಅಧಿಕಾರಿಗಳು ಬಂದು ಚೀಲಗಳಲ್ಲಿ ಮಣ್ಣು ತುಂಬಿಕೊಂಡು ಹೋದರು. ಅಷ್ಟೂ ಮಣ್ಣನ್ನು ತೆಗೆದು ಬೇರೆಡೆ ಸಾಗಿಸಬೇಕೆಂದು ವರದಿ ಬಂತು. ಸಾಗಿಸುವವರು ಯಾರೆಂದು ಕೇಳಿದರೆ ಒಂದು ಕಚೇರಿ ಇನ್ನೊಂದರ ಕಡೆ ಕೈ ತೋರಿಸಿತು. ತೋಡಿದ ಗುಡ್ಡೆಗೆ ನೀಲಿ ಟಾರ್ಪಾಲು ಹೊದಿಸಿದ್ದಷ್ಟೇ ಆಯಿತು.

ಆ ವರ್ಷ ಮಳೆ ಚೆನ್ನಾಗಿ ಹಿಡಿಯಿತು. ಗುಂಡಿ ತುಂಬಿತು. ತಿಂಗಳೊಳಗೆ ಕೆಳಗಿನ ಹೊಲದ ಬಾವಿಯ ನೀರು ಹಳದಿಗೆ ತಿರುಗಿತು. ಆ ಹೊಲ ಸಂಘದ ಹಿರಿಯಳೊಬ್ಬಳದು. ಆಕೆ ಒಂದು ಚೊಂಬು ನೀರು ತಂದು ಅಕ್ಕನ ಮುಂದಿಟ್ಟಳು. ಬೈಯಲಿಲ್ಲ.

"ಮುಚ್ಕೊಂಡಿತ್ತಲ್ಲವ್ವಾ. ಹಂಗೇ ಬುಟ್ಟಿದ್ರೆ ಆಗ್ತಿತ್ತು."

ಮರುದಿನ ಬೆಳಿಗ್ಗೆ ಅಕ್ಕ ಗುದ್ದಲಿ, ಮಂಕರಿ ತೆಗೆದುಕೊಂಡು ಹೊರಟಳು. ತಡೆಯಲಾರದೆ ನಾನೂ ಹೋದೆ. ಗುಂಡಿ ಮುಚ್ಚಬೇಕೆಂದರೆ ಅಲ್ಲಿದ್ದದ್ದು ಅದೇ ಮಣ್ಣು. ನಾಲ್ಕು ಮಂಕರಿ ಎಳೆದವಳು ಅಲ್ಲೇ ಕುಕ್ಕರಿಸಿದಳು.

"ಇದ್ನ ಎಲ್ಲಿಗಂತ ಹೊತ್ಕೊಂಡೋಗಾನ್ಲಾ?"

ನಾನು ಟಾರ್ಪಾಲನ್ನು ಗುಡ್ಡೆಯ ಮೇಲೆ ಮತ್ತೆ ಎಳೆದು ಹೊದಿಸಿದೆ.

ಈಗ ಜಾಗದ ಸುತ್ತ ಮುಳ್ಳುತಂತಿಯಿದೆ. ನಮ್ಮೂರ ಸೊಪ್ಪೆಂದರೆ ವ್ಯಾಪಾರಿ ಗಾಡಿ ನಿಲ್ಲಿಸುವುದಿಲ್ಲ, ಸಂಘವೂ ಕರಗಿತು. ಅಕ್ಕ ಗುಲಾಬಿ ತೋಟವೊಂದರಲ್ಲಿ ಕೂಲಿಗೆ ಹೋಗುತ್ತಾಳೆ. ಟ್ಯಾಂಕರ್ ನೀರು ಬಂದ ದಿನ ಮೊದಲು ಆ ಹಿರಿಯಳ ಕೊಡಗಳನ್ನು ತುಂಬಿಸಿ, ಹೊತ್ತುಕೊಂಡು ಹೋಗಿ ಬಾಗಿಲಲ್ಲಿಟ್ಟು ಬರುತ್ತಾಳೆ. ಆಕೆ ಬೇಡ ಎನ್ನುವುದಿಲ್ಲ. ಒಳಗೆ ಬಾ ಎಂದೂ ಕರೆಯುವುದಿಲ್ಲ.