ರಷ್ಯಾದ ಹಳ್ಳಿಯೊಂದರ ಅರ್ಜಿ

ನಾನು ಶಾಲೆ ಕಲಿತದ್ದು ನಾಲ್ಕನೇ ಇಯತ್ತೆಯವರೆಗೆ. ಆದರೂ ಮೊಮ್ಮಗಳ ಪಿಎಚ್‌ಡಿ ಕೆಲಸದಲ್ಲಿ ನಾನೂ ಎಂಟು ದಿನ ದುಡಿದೆ. ಇದನ್ನು ಹೇಳದೆ ಸುಮ್ಮನಿರುವುದು ನನ್ನಿಂದ ಆಗದ ಮಾತು.

ಅವಳು ಓದುವುದು ರಷ್ಯಾದ ಇತಿಹಾಸ. ರಾಜನ ಆಳ್ವಿಕೆ ಹೋಗಿ ಸೋವಿಯತ್ ಸರ್ಕಾರ ಬಂದ ಹೊಸದರಲ್ಲಿ, ದೂರದ ಒಂದು ಜಿಲ್ಲೆಯ ಹಳ್ಳಿಗಳಲ್ಲಿ ಆರ್ಥೊಡಾಕ್ಸ್ ಪಂಥದ ಚರ್ಚುಗಳ ಗತಿ ಏನಾಯಿತು ಅಂತ ಹುಡುಕುತ್ತಾಳೆ. ಪುಣೆಯ ಖಡಕಿಯಲ್ಲಿರುವ ನಮ್ಮ ಮನೆಯ ಊಟದ ಟೇಬಲ್ ತುಂಬ ಹಳೇ ಕಾಗದಗಳ ನಕಲು. ಅಧಿಕಾರಿಗಳ ವರದಿ, ಸರ್ಕಾರದವರು ಚರ್ಚಿನ ಬೆಳ್ಳಿ ಸಾಮಾನು ಒಯ್ದಾಗ ಮಾಡಿದ ಯಾದಿ, ಮತ್ತೆ "ನಮ್ಮ ಚರ್ಚು ಮುಚ್ಚಬೇಡಿರಿ" ಅಂತ ಒಂದು ಹಳ್ಳಿಯವರು ಕೊಟ್ಟ ಅರ್ಜಿ. ಆ ಅರ್ಜಿಯ ಮೇಲೆ ಅವಳ ಒಂದಿಡೀ ಅಧ್ಯಾಯ ನಿಂತಿತ್ತು.

ಅವಳ ಪಿಎಚ್‌ಡಿಗೆ ಮಾರ್ಗದರ್ಶಕರಾದ ಸರ್ ಒಪ್ಪಲಿಲ್ಲ. ಪಾದ್ರಿ ಒಬ್ಬನೇ ಕೂತು ಎಲ್ಲರ ಹೆಸರು ಬರೆದಿರಬಹುದು, ಊರವರ ಕೈ ಇದರಲ್ಲಿ ಇತ್ತು ಅಂತ ತೋರಿಸು, ಇಲ್ಲದಿದ್ದರೆ ಅಧ್ಯಾಯ ತೆಗೆ ಅಂದರು. ಹದಿನೈದು ದಿನ ಕೊಟ್ಟರು.

"ಅಕ್ಷರ ಎಲ್ಲಾ ಒಬ್ಬನದೇ ಅದ ಅಜ್ಜಿ. ಹೆಸರಿನ ಮುಂದ ಬರೇ ಗೀಟಿನ ಗುರುತು" ಅಂದಳು, ಮುಖ ಸಣ್ಣದು ಮಾಡಿಕೊಂಡು.

"ಬರೀಲಿಕ್ಕೆ ಬಾರದವರು ಮತ್ತೇನು ಮಾಡಬೇಕು? ನಮ್ಮ ನಳದ ಅರ್ಜಿನೂ ಒಬ್ಬರ ಅಕ್ಷರದಾಗೇ ಇತ್ತು."

"ನಿಮ್ಮ ನಳಕ್ಕೂ ರಷ್ಯಾಕ್ಕೂ ಏನು ಸಂಬಂಧ?"

"ಕಲಿತಾಕಿ ನೀನು. ನಾ ಹೇಳೂದು ಮೊದಲು ಕೇಳು."

ಮದುವೆಯಾಗಿ ಪುಣೆಗೆ ಬಂದಾಗ ಸಾಲು ಕೋಣೆಗಳ ನಮ್ಮ ಚಾಳಿನಲ್ಲಿ ನೀರಿನ ನಳ ಇರಲಿಲ್ಲ. ಮರಾಠಿ ಮಾಸ್ತರರೊಬ್ಬರು ಅರ್ಜಿ ಬರೆದುಕೊಟ್ಟರು. ನಾವು ಹೆಂಗಸರು ಅದನ್ನು ಹಿಡಿದು ಮೊದಲ ಖೋಲಿಯಿಂದ ಕಡೇ ಖೋಲಿಯವರೆಗೆ ಹೋದೆವು. ಹೆಬ್ಬೆಟ್ಟು ಬಿದ್ದದ್ದೂ ಖೋಲಿಗಳ ಸಾಲಿನಂತೆಯೇ. ಬೀಗ ಹಾಕಿಕೊಂಡು ಹೋಗಿದ್ದವರು ಮಾತ್ರ ಆಮೇಲೆ ಬಂದು ತಳಕ್ಕೆ ಒತ್ತಿದರು.

"ನಿನ್ನ ಕಾಗದದಾಗ ಹೆಸರು ಮನಿ ಸಾಲಿನಂಗ ಅದಾವೇನು ನೋಡು. ಇದ್ದರ ಆ ಅರ್ಜಿ ಓಣಿ ತಿರುಗೇದ" ಅಂದೆ.

ಅವಳು ಗಡಬಡಿಸಿ ಆ ಹಳ್ಳಿಯ ಮನೆಗಳ ಯಾದಿ ಹುಡುಕಿ ತೆಗೆದಳು. ಸಾಲಿನ ಪ್ರಕಾರ ಪ್ರತಿ ಮನೆಗೂ ಒಂದು ಅಂಕಿ ಕೊಟ್ಟಳು. ಅವಳು ಅರ್ಜಿಯ ಹೆಸರು ಓದಿ ಅಂಕಿ ಹೇಳುವುದು, ನಾನು ಬರೆಯುವುದು. ನಡುನಡುವೆ ಕೆಲವು ಮನೆ ಬಿಟ್ಟುಹೋಗಿದ್ದರೂ ಎರಡು ದಿನ ಅಂಕಿ ಸಾಲಾಗಿಯೇ ಬಂದವು. ಮೂರನೇ ದಿನ ಸಾಲು ತಪ್ಪಿತು. ಬಿಡೋಣ ಅಜ್ಜಿ ಅಂದಳು. ನಾನು ಏಳಗೊಡಲಿಲ್ಲ. ನಕಾಶೆ ತೆಗೆದು ನೋಡಿದರೆ ನಡುವೆ ಹೊಳೆ. ಕಾಗದ ಈ ದಂಡೆಯಲ್ಲಿ ಹೋಗಿ ಆ ದಂಡೆಯಲ್ಲಿ ತಿರುಗಿ ಬಂದಿತ್ತು. ತಳದಲ್ಲಿ ಮಾತ್ರ ನಾಲ್ಕಾರು ಹೆಸರು ಅಡ್ಡಾದಿಡ್ಡಿ, ನಮ್ಮ ಚಾಳಿನ ಬೀಗದ ಮನೆಯವರಂತೆ.

ಸರ್ ಒಪ್ಪಿದರು. ಎಲ್ಲರೂ ಮನಸಾರೆ ಒಪ್ಪಿದ್ದರು ಅಂತ ಬರೆಯಬೇಡ, ಕಾಗದ ಮನೆಮನೆಗೂ ಹೋಗಿತ್ತು ಅಂತಷ್ಟೇ ಬರೆ ಅಂದರಂತೆ. ಅಧ್ಯಾಯ ಉಳಿಯಿತು. ಆ ಸಂಜೆ ಕಾಯಿಪಲ್ಲೆ ಮಾರುವ ಮಾವಶಿಗೂ ನಾನು ಮರಾಠಿಯಲ್ಲಿ ರಷ್ಯಾದ ಕತೆ ಹೇಳಿದೆ. ಆಕೆ ಕೊತ್ತಂಬರಿ ತೂಗುವುದನ್ನೇ ಮರೆತಳು.

"ನಡುವೆ ಬಿಟ್ಟುಹೋದ ಮನಿಯವರು ಯಾಕ ಸಹಿ ಹಾಕಲಿಲ್ಲ ಅಂತ ಈಗ ಸರ್ ಕೇಳ್ಯಾರ ಅಜ್ಜಿ. ಅಂಜಿದರೋ, ಸರ್ಕಾರದ ಕಡೆಯವರೋ ಗೊತ್ತಿಲ್ಲ" ಅಂದಳು.

"ಒಂದೊಂದೇ ಮನಿ ತಗಿ" ಅಂದು ನಾನು ಕುರ್ಚಿ ಎಳೆದುಕೊಂಡೆ.