ಮೂವತ್ತು ಸೆಕೆಂಡ್ ಅಲುಗಾಡದ ಅವ್ವ

ಗೆಳೆಯರೇ, ಈ ಫೋಟೋ ಇವತ್ತು ಸಂಜೆ ಕುಂಬಾರವಾಡದ ಹತ್ತಿರ ತೆಗೆದದ್ದು. ಜಲಪಾತದ ಮುಂದೆ ಬಂಡೆಯ ಮೇಲೆ ನಿಂತವಳು ನಮ್ಮವ್ವ. ನೀರು ಹೀಗೆ ಹಾಲಿನಂತೆ ಕಾಣಬೇಕಾದರೆ ಕ್ಯಾಮೆರಾದ ಕಣ್ಣು ಮೂವತ್ತು ಸೆಕೆಂಡ್ ತೆರೆದಿರಬೇಕು.

ಸೂರ್ಯ ಮುಳುಗುತ್ತಿದ್ದ. ಅಷ್ಟರಲ್ಲಿ ನಾಲ್ಕೈದು ಪ್ರವಾಸಿಗರು ಅವ್ವನ ಸುತ್ತ ಸೆಲ್ಫಿ ಶುರು ಮಾಡಿದರು.

"ಎರಡ ನಿಮಿಷ ಸರೀರಿ, ಬೆಳಕು ಹೊಂಟೈತಿ" ಎಂದು ಬೇಡಿಕೊಂಡೆ.

"ಫಾಲ್ಸ್ ಏನ್ ನಿಮ್ಮಪ್ಪಂದಾ?" ಎಂದನೊಬ್ಬ.

ನನಗೆ ಸಿಟ್ಟು ನೆತ್ತಿಗೇರಿತು. ಅವ್ವ ಅಲ್ಲಿಂದಲೇ ಕೂಗಿದಳು: "ಜಗಳ ಬ್ಯಾಡೋ. ನೀ ತಗಿ, ನಾ ಅಲುಗಾಡಂಗಿಲ್ಲ."

ತೆಗೆದೆ. ಅವರು ಓಡಾಡಿದರು, ಕುಣಿದರು, ನೀರೆರಚಿದರು. ನಮ್ಮೂರು ಇಂದೂರಿನ ಗದ್ದೆಯಲ್ಲಿ ದಿನವಿಡೀ ಬಾಗಿ ನಾಟಿ ಮಾಡುವ ಅವ್ವ ಕಂಬದಂತೆ ನಿಂತಳು.

ಆಮೇಲೆ ಅದೇ ಮನುಷ್ಯ ಕ್ಯಾಮೆರಾದಲ್ಲಿ ಇಣುಕಿ, "ನಾವೆಲ್ಲಿ?" ಎಂದ. ಅಷ್ಟು ಹೊತ್ತಿನ ಫೋಟೋದಲ್ಲಿ ಓಡಾಡುವವರು ಮೂಡುವುದಿಲ್ಲ. ಅವರೆಲ್ಲ ಕರಗಿಹೋಗಿದ್ದರು. ಅವ್ವನ ಹಣೆಯ ಕುಂಕುಮ ಕೂಡ ಸ್ಪಷ್ಟವಾಗಿತ್ತು.

"ಬ್ಯಾಸರ ಮಾಡ್ಕೋಬ್ಯಾಡ ತಮ್ಮಾ," ಅವ್ವ ಅವನಿಗೆ ಸಮಾಧಾನ ಹೇಳಿದಳು, "ಇನ್ನೊಮ್ಮಿ ಬಂದಾಗ ಸುಮ್ನ ನಿಂದ್ರು."

ನಾನು ಬರೀ ಗುಂಡಿ ಒತ್ತಿದವನು. ಹೊಗಳುವುದಿದ್ದರೆ ಅವ್ವನನ್ನೇ ಹೊಗಳಿ. ನಿಮ್ಮ ಕಾಮೆಂಟ್ ನೋಡಲು ಫೋನ್ ಈಗ ಅವಳ ಕೈಯಲ್ಲೇ ಇದೆ.