ಎರಡು ಜಿಪಿಎಸ್ ಮತ್ತು ಇಜೇರಿಯ ಬಾವಿ

ತೊಂಬತ್ತರ ದಶಕದ ಕೊನೆಯ ವರ್ಷಗಳು. ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ತೆರೆದ ಬಾವಿಗಳನ್ನೆಲ್ಲ ನಕ್ಷೆಯ ಮೇಲೆ ಗುರುತಿಸುವ ಕೆಲಸ ನಮ್ಮ ಸರ್ವೆ ಕಚೇರಿಗೆ ಬಿದ್ದಿತ್ತು. ಮುಂದಿನ ವರ್ಷ ನೀರಿನ ಮಟ್ಟ ಅಳೆಯಲು ಯಾರೇ ಹೋದರೂ ಅದೇ ಬಾವಿಗೆ ಹೋಗಿ ನಿಲ್ಲಬೇಕು. ಅದಕ್ಕಾಗಿ ಕೈಯಲ್ಲಿ ಹಿಡಿಯುವ ಜಿಪಿಎಸ್ ಕೊಳ್ಳುವುದೆಂದು ತೀರ್ಮಾನವಾಗಿ, ಹೈದರಾಬಾದಿನ ವ್ಯಾಪಾರಿಯೊಬ್ಬ ಎರಡು ಬಗೆಯವನ್ನು ಪರೀಕ್ಷೆಗೆಂದು ಹದಿನೈದು ದಿನ ಕೊಟ್ಟುಹೋದ. ಒಂದನ್ನು ಆರಿಸುವ ಹೊಣೆಯನ್ನು ಸಾಹೇಬರು ಇಬ್ಬರಿಗೆ ವಹಿಸಿದರು. ಒಬ್ಬರು ಇಪ್ಪತ್ತು ವರ್ಷ ಚೈನು ಎಳೆಸಿ ಹೊಲ ಅಳೆದಿದ್ದ ಹಿರಿಯ ಸರ್ವೇಯರು. ಇನ್ನೊಬ್ಬಳು ನಾನು, ಕಚೇರಿಗೆ ಸೇರಿ ಎರಡು ವರ್ಷವಾಗಿದ್ದವಳು. ಅಲ್ಲಿಯವರೆಗೆ ನನ್ನನ್ನು ನಕ್ಷೆ ಬರೆಯುವ ಮೇಜು ಬಿಟ್ಟು ಏಳಗೊಟ್ಟಿರಲಿಲ್ಲ.

ಹಿರಿಯರು ದೊಡ್ಡದನ್ನು ಎತ್ತಿಕೊಂಡರು. ಇಟ್ಟಿಗೆಯಷ್ಟು ಭಾರ, ಅಗಲವಾದ ಪರದೆ, ಮಡಚುವ ಆಂಟೆನಾ. ನನಗೆ ಉಳಿದದ್ದು ಅಂಗೈಯಗಲದ ಕರಿ ಡಬ್ಬಿ.

“ನಿಮ್ದು ಆಟಿಗಿ ಸಾಮಾನ ಕಂಡಂಗ ಕಾಣ್ತದ ನೋಡ್ರಿ,” ಎಂದು ನಕ್ಕರು.

ಮೊದಲ ದಿನ ಕಿಣ್ಣಿ ಸುಲ್ತಾನದಲ್ಲಿ ಒಂದೇ ಬಾವಿಯ ಕಟ್ಟೆಯ ಮೇಲೆ ಎರಡನ್ನೂ ಅಕ್ಕಪಕ್ಕ ಇಟ್ಟೆವು. ಎರಡೂ ಬೇರೆ ಬೇರೆ ಜಾಗ ತೋರಿಸಿದವು. ಹತ್ತು ನಿಮಿಷ ಬಿಟ್ಟು ನೋಡಿದರೆ ಮತ್ತೆ ಬೇರೆ. ಬಾವಿ ಮಾತ್ರ ಅಲ್ಲೇ ಇತ್ತು! ಅಮೆರಿಕದವರು ಸಾಮಾನ್ಯ ಜನರಿಗೆ ಬಿಡುವ ಉಪಗ್ರಹದ ಸಂಕೇತವನ್ನು ಬೇಕೆಂದೇ ಮಸುಕು ಮಾಡುತ್ತಾರೆ, ನೂರು ಮೀಟರ್ ಆಚೀಚೆ ಆಗುವುದು ಸಹಜ ಎಂದು ಸಾಹೇಬರು ಮೊದಲೇ ಹೇಳಿದ್ದರು. ಆದರೂ ಕಣ್ಣಾರೆ ನೋಡಿದಾಗ ನನಗೆ ನಗು ತಡೆಯಲಾಗಲಿಲ್ಲ. ಹಿರಿಯರಿಗೆ ಮಾತ್ರ ಸಿಟ್ಟು ಬಂತು.

“ಇದಕ್ಕಿಂತ ನಮ್ಮ ಚೈನೇ ಬೇಷಿತ್ತು,” ಎಂದು ಜೀಪು ಹತ್ತಿದರು.

ಮೂರನೆಯ ದಿನ ಇಜೇರಿಗೆ ಹೋದೆವು. ಹಿಂಗಾರಿ ಜೋಳ ಆಳೆತ್ತರ ನಿಂತು ತೆನೆ ಹಾಲು ತುಂಬಿದ ಕಾಲ. ಬಾವಿಯ ಬಳಿ ನಾಲ್ಕೈದು ಹೆಂಗಸರು ಸಗಣಿ ಕುಳ್ಳಿನ ಕೆಂಡದಲ್ಲಿ ತೆನೆ ಸುಟ್ಟು, ಸೀತನಿಯ ಎಳೆ ಕಾಳು ತಿಕ್ಕಿ ಉದುರಿಸುತ್ತಿದ್ದರು. ಹಿರಿಯರು ಎರಡೇ ನಿಮಿಷದಲ್ಲಿ ಗುಂಡಿ ಒತ್ತಿ, ಅಂಕಿ ಬರೆದುಕೊಂಡು ಪಕ್ಕದ ಬಾವಿಗೆ ನಡೆದರು. ನಾನೂ ನನ್ನ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು ಗುಂಡಿ ಒತ್ತಿದೆ. ಅಷ್ಟರಲ್ಲಿ ಒಬ್ಬ ಅಜ್ಜಿ ನನ್ನ ಸೆರಗು ಹಿಡಿದಳು.

“ಕುಂಡ್ರವ್ವಾ. ಹೊಲಕ್ಕ ಬಂದು ಸೀತನಿ ತಿನ್ಲಾರ್ದ ಹೋಗ್ತೀಯೇನು?”

“ಕೆಲಸ ಅದ ಆಯಿ.”

“ನಿನ್ನ ರೇಡಿಯೋ ಏನ್ ಓಡಿ ಹೋಗ್ತದೇನು? ಕುಂಡ್ರು.”

ಕುಳಿತೆ. ಬಿಸಿ ಬಿಸಿ ಹಸಿರು ಕಾಳು, ಶೇಂಗಾ ಹಿಂಡಿ, ಒಂದು ತುಂಡು ಬೆಲ್ಲ. ಊರು, ಮದುವೆ, ಮಕ್ಕಳು, ಒಂದನ್ನೂ ಬಿಡದೆ ಕೇಳಿದರು. ನಡುನಡುವೆ ಎದ್ದು ಡಬ್ಬಿಯ ಪರದೆ ನೋಡುತ್ತಿದ್ದೆ. ಮೂಲೆಯಲ್ಲಿ ಒಂದು ಸಣ್ಣ ಅಂಕಿ ಇಳಿಯುತ್ತ ಹೋಗುತ್ತಿತ್ತು. ಏನೆಂದು ತಿಳಿಯಲಿಲ್ಲ. ಮುಕ್ಕಾಲು ಗಂಟೆಯ ಮೇಲೆ ಜೀಪಿನ ಹಾರನ್ ಕೇಳಿದಾಗ ಉಳಿಸುವ ಗುಂಡಿ ಒತ್ತಿ ಓಡಿದೆ. ಆ ರಾತ್ರಿ ಯಡ್ರಾಮಿಯ ವಸತಿಗೃಹದಲ್ಲಿ ಕೈಪಿಡಿ ಓದಿದಾಗ ಗೊತ್ತಾಯಿತು: ಒಂದೇ ಕಡೆ ಇಟ್ಟು ಬಿಟ್ಟರೆ ಅದು ಸಾವಿರಾರು ಸಲ ಜಾಗ ಓದಿ ಸರಾಸರಿ ತೆಗೆಯುತ್ತದೆ, ಮೂಲೆಯಲ್ಲಿ ಇಳಿಯುತ್ತಿದ್ದ ಅಂಕಿ ತಪ್ಪಿನ ಅಂದಾಜು. ದೊಡ್ಡದರಲ್ಲಿ ಆ ಅನುಕೂಲವೇ ಇರಲಿಲ್ಲ.

ಮರುವಾರ ಗುರುತಿಸಿದ ಬಾವಿಗಳಿಗೆ ಯಂತ್ರ ನೋಡಿಕೊಂಡೇ ಮರಳಿ ಹೋಗುವ ಪರೀಕ್ಷೆ. ಇಜೇರಿಯಲ್ಲಿ ಇಬ್ಬರೂ ಬೇರೆ ಬೇರೆ ಕಡೆಯಿಂದ ಜೋಳದೊಳಗೆ ಹೊಕ್ಕೆವು. ಒಳಗೆ ಆಕಾಶ ಬಿಟ್ಟರೆ ಏನೂ ಕಾಣದು. ಬಾಣದ ಗುರುತು ಹುಯ್ದಾಡಿದಾಗಲೆಲ್ಲ ನಾನು ನಿಂತು, ಅದು ತಣ್ಣಗಾದ ಮೇಲೆ ಮುಂದೆ ನಡೆದೆ. ಕೊನೆಗೆ ಜೋಳ ಸರಿಸಿ ಬಯಲಿಗೆ ಬಂದಾಗ ನಲವತ್ತು ಹೆಜ್ಜೆಯಾಚೆ ಬಾವಿಯ ಕಟ್ಟೆ ಕಂಡಿತು. ಖುಷಿಗೆ ಒಬ್ಬಳೇ ಚಪ್ಪಾಳೆ ತಟ್ಟಿದೆ.

ಹಿರಿಯರ ಸುಳಿವಿಲ್ಲ. ಕೂಗಿದೆ.

“ಎಲ್ಲಿದ್ದೀರ್ರಿ?”

“ಜೋಳದಾಗ ಸಿಕ್ಕೊಂಡೇನ್ರಿ!”

“ಯಾವ ಜೋಳದಾಗ್ರಿ?”

“ಅದು ನನಗೇನ್ ಗೊತ್ತ್ರಿ? ಮಷಿನ್ನು ಇದೇ ಬಾವಿ ಅನ್ನಾಕತ್ತದ!”

ನನ್ನ ದನಿಯ ಜಾಡು ಹಿಡಿದು ಬಂದರು. ತಲೆಯ ಮೇಲೆ ಜೋಳದ ಎಲೆಯ ರವದಿ, ಮುಖದ ತುಂಬ ಬೆವರು. ಕಟ್ಟೆಯ ಮೇಲೆ ಕುಳಿತು ಮುಖ ಒರೆಸಿಕೊಂಡರು. ಅವರನ್ನು ಸೋಲಿಸಿದೆನೇನೋ ಎಂದು ನನಗೆ ಒಳಗೇ ಅಳುಕು. ಆಮೇಲೆ ಕೈಚಾಚಿ, “ಕೊಡ್ರಿ ಇಲ್ಲಿ ನಿಮ್ಮ ಆಟಿಗಿ ಸಾಮಾನ. ಹೆಂಗ ಮಾಡಿದ್ರಿ, ಹೇಳ್ರಿ ನನಗ,” ಎಂದರು.

ಹೇಳಿಕೊಟ್ಟೆ. ಆ ಸಂಜೆಯೊಳಗೆ ಎರಡು ಬಾವಿ ಅವರೇ ಗುರುತಿಸಿದರು, ಪ್ರತಿ ಬಾವಿಗೂ ನಾಲ್ಕೈದು ಬೀಡಿ ಸೇದುತ್ತ ಕಾದು.

ವರದಿಯನ್ನು ಅವರೇ ಬರೆದರು. ಸಣ್ಣದನ್ನೇ ಕೊಳ್ಳಬೇಕು, ಅದರ ಸೆಲ್ಲು ಯಡ್ರಾಮಿಯ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ, ದೊಡ್ಡದಕ್ಕೆ ಚಾರ್ಜು ಮಾಡಲು ಹಳ್ಳಿಯಲ್ಲಿ ಕರೆಂಟೇ ಇರುವುದಿಲ್ಲ ಎಂದು. ಕೊನೆಯ ಸಾಲು ನಾನು ಅಂದುಕೊಳ್ಳದ್ದು: ಅಫಜಲಪುರದ ಬಾವಿಗಳ ಕೆಲಸವನ್ನು ಈ ಬಾಯಿಯವರಿಗೇ, ಅಂದರೆ ನನಗೇ, ಒಪ್ಪಿಸಬಹುದು. ಸಾಹೇಬರು ಹುಬ್ಬೇರಿಸಿ ನನ್ನತ್ತ ನೋಡಿದರು.

“ಹೋಗ್ತೀರೇನ್ರಿ ಒಬ್ಬರೇ?”

“ಹೋಗ್ತೇನ್ರಿ,” ಎಂದೆ.

ಸೋಮವಾರ ಬೆಳಿಗ್ಗೆ ಅಫಜಲಪುರಕ್ಕೆ ಹೊರಟ ಜೀಪು ಭೀಮಾ ನದಿಯ ದಂಡೆ ಹಿಡಿದಾಗ, ಹಿರಿಯರು ಕೂರುತ್ತಿದ್ದ ಮುಂದಿನ ಸೀಟಿನಲ್ಲಿ ಕುಳಿತವಳು ನಾನು.